ಬ್ಯಾಟರಿಗೂ ಮುಪ್ಪು ಬರುತ್ತೆ ಸ್ವಾಮೀ!

‘ಹೊಸದರಲ್ಲಿ ಯಲಹಂಕದಿಂದ ಯಶವಂತಪುರಕ್ಕೆ ಎರಡು ಸಾರಿ ಹೋಗಿ ಬರ್ತಿತ್ತು. ಈಗ ಹೆಬ್ಬಾಳದ ಫ್ಲೈಓವರ್ ಹತ್ತೋಕೇ ಏದುಸಿರು!’ ಕರೆಂಟ್ ಸ್ಕೂಟರ್ ಇಟ್ಟುಕೊಂಡ ಅಂಗಡಿಯವರ ಬಾಯಲ್ಲಿ ಇಂಥ ಗೊಣಗಾಟ ಈಗ ಮಾಮೂಲು. ಪಾಪ, ಗಾಡಿಯದೇನೂ ತಪ್ಪಿಲ್ಲ. ಅದರ ಹೊಟ್ಟೆಯೊಳಗಿನ ಲಿಥಿಯಂ ಬ್ಯಾಟರಿಗೆ ವಯಸ್ಸಾಗಿದೆ.

ಆಗುವುದಿಷ್ಟು: ಚಾರ್ಜಿಗೆ ಹಾಕಿದಾಗ ಲಿಥಿಯಂ ಕಣಗಳು ಒಂದು ಬದಿಯಿಂದ ಹೊರಟು ಎದುರಿನ ಗ್ರಾಫೈಟಿನಲ್ಲಿ ಹೋಗಿ ಕೂರುತ್ತವೆ. ಗಾಡಿ ಓಡುವಾಗ ವಾಪಸ್ಸು ಬರುತ್ತವೆ. ಶಟಲ್ ಬಸ್ಸಿನ ಹಾಗೆ! ಆದರೆ ಪ್ರತಿ ಟ್ರಿಪ್ಪಿನಲ್ಲೂ ಒಂದಿಷ್ಟು ಕಣಗಳು ಗ್ರಾಫೈಟಿನ ಮೇಲೆ ಪೊರೆಯಾಗಿ ಅಂಟಿ ಅಲ್ಲೇ ಉಳಿದುಬಿಡುತ್ತವೆ. ಪೊರೆ ದಪ್ಪವಾದಷ್ಟೂ ಉಳಿದ ಕಣಗಳ ಓಡಾಟ ಕಷ್ಟ. ಗಾಡಿ ಸುಮ್ಮನೆ ನಿಂತಿದ್ದರೂ ಈ ಪೊರೆ ಬೆಳೆಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದರೆ, ಸದಾ ನೂರಕ್ಕೆ ನೂರು ಚಾರ್ಜ್ ತುಂಬಿಸಿಟ್ಟರೆ ಇನ್ನೂ ಬೇಗ. ಶಕ್ತಿ ಹೊಸದರ ನೂರಕ್ಕೆ 70-80ಕ್ಕೆ ಇಳಿದರೆ ವಾಹನದ ಕೆಲಸಕ್ಕೆ ಅದರ ಆಯಸ್ಸು ಮುಗಿಯಿತೆಂಬುದು ರೂಢಿಯ ಲೆಕ್ಕ.

ಮುಪ್ಪಿನಿಂದ ಜೇಬಿಗೆ ನಷ್ಟ, ಅಷ್ಟೇ. ಜೀವಕ್ಕೆ ಸಂಚಕಾರ ಬರುವುದು ಬೇರೆ ಕಡೆಯಿಂದ. ಪೆಟ್ಟು ತಿಂದ ಬ್ಯಾಟರಿ, ನೀರು ಹೊಕ್ಕ ಬ್ಯಾಟರಿ, ಯಾವುದೋ ಚಾರ್ಜರ್, ಹಳೇ ಸೆಲ್ಲಿಗೆ ಹೊಸ ಸೆಲ್ ಬೆಸೆದ ಅಗ್ಗದ ರಿಪೇರಿ. ಒಳಗಿನ ತೆಳುಪರದೆ ಹರಿದು ಎರಡು ಬದಿಗಳೂ ತಾಗಿದರೆ ಬಿಸಿ ಬಿಸಿಯನ್ನು ಹೆಚ್ಚಿಸುತ್ತ ಹೋಗಿ ಬೆಂಕಿ, ವಿಷದ ಹೊಗೆ!

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿತು. 2024ರ ನವೆಂಬರ್ 19ರಂದು ಯಶವಂತಪುರದ ಪಕ್ಕದ ರಾಜಾಜಿನಗರದಲ್ಲಿ ಕರೆಂಟ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು, ಒಳಗೆ ಸಿಕ್ಕಿಕೊಂಡ 20ರ ಹರೆಯದ ಹುಡುಗಿ ಪ್ರಾಣ ಬಿಟ್ಟಳು. ಕಿಡಿ ಎಲ್ಲಿಂದಲಾದರೂ ಹಾರಲಿ, ಹೊರಕ್ಕೆ ಓಡಲು ದಾರಿ ಇರಬೇಕು. ಆರ್.ಟಿ. ನಗರದಂಥ ಒತ್ತೊತ್ತು ಬಡಾವಣೆಗಳಲ್ಲಿ ಇರುವ ಒಂದೇ ಮೆಟ್ಟಿಲ ಕೆಳಗೆ ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವವರು ಇದನ್ನು ಯೋಚಿಸಲಿ.

ಹಾಗಾದರೆ ಮಾಡುವುದೇನು? ಬಿಸಿಯಾಗಿ ಬಂದ ಗಾಡಿ ಕೊಂಚ ಆರಲಿ, ಆಮೇಲೆ ಚಾರ್ಜು. ದಿನನಿತ್ಯಕ್ಕೆ ನೂರಕ್ಕೆ 80 ತುಂಬಿದರೆ ಸಾಕು. ಕಂಪನಿಯ ಚಾರ್ಜರನ್ನೇ ಬಳಸಿ. ಬಾಗಿಲು, ಮೆಟ್ಟಿಲಿಗೆ ಅಡ್ಡ ನಿಲ್ಲಿಸಬೇಡಿ. ಬ್ಯಾಟರಿ ಉಬ್ಬಿದರೆ, ವಿಚಿತ್ರ ವಾಸನೆ ಬಂದರೆ ‘ಇನ್ನೊಂದ್ ವಾರ ಓಡ್ಲಿ ಬಿಡಿ’ ಅನ್ನಬೇಡಿ, ಅವತ್ತೇ ನಿಲ್ಲಿಸಿ.

ಸತ್ತ ಬ್ಯಾಟರಿಯನ್ನು ಕಸದ ಆಟೋಗೆ ಎಸೆಯುವುದೂ ತಪ್ಪೇ. ಅದನ್ನು ವಾಪಸ್ಸು ಪಡೆಯುವ ಹೊಣೆ ತಯಾರಕರದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮವೇ ಹೇಳುತ್ತದೆ. ಕೊಂಡ ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿ!