ಗಣಿ ಮುಚ್ಚಿದ ಮೇಲೆ ಊರು

ಸಂಜೆ ಕೆಲಸ ಮುಗಿಸಿ ಮನೆಗೆ ಬಂದು ರೇಡಿಯೋದ ಗುಂಡಿ ತಿರುಗಿಸುತ್ತೀರಿ, ದನಿ ಕೇಳಿಬರುತ್ತದೆ. ಆ ಗುಂಡಿಯ ಹಿಂದೆ ಹರಿಯುವ ವಿದ್ಯುಚ್ಛಕ್ತಿ ನಮ್ಮ ನಾಡಿನಲ್ಲಿ ಮೊದಲು ಯಾವ ಊರಿಗಾಗಿ ದೂರ ಪ್ರಯಾಣ ಮಾಡಿತು ಎಂದು ಕೇಳಿದರೆ ಕೆಲವರು ಬೆಂಗಳೂರು ಎಂದಾರು, ಕೆಲವರು ಮೈಸೂರು ಎಂದಾರು. ಎರಡೂ ಅಲ್ಲ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು ೯೨ ಮೈಲಿ ತಂತಿಯ ಮೇಲೆ ಸಾಗಿ ಸೇರಿದ್ದು ಕೋಲಾರದ ಚಿನ್ನದ ಗಣಿಯನ್ನು. ಬೆಂಗಳೂರಿನ ಬೀದಿದೀಪಗಳು ಅದರಿಂದ ಬೆಳಗಿದ್ದು ಮೂರು ವರ್ಷಗಳ ಅನಂತರ, ೧೯೦೫ರಲ್ಲಿ.

ಬೆಂಗಳೂರಿಗಿಂತ ಮೊದಲು ಆ ಬೆಳಕನ್ನು ಕಂಡ ಊರಿನ ಇಂದಿನ ಸ್ಥಿತಿ ಏನು? ಮಾರಿಕುಪ್ಪಂ ನಿಲ್ದಾಣದಲ್ಲಿ ನಸುಕಿನಲ್ಲಿಯೇ ನಿಂತು ನೋಡಿದರೆ ತಿಳಿಯುತ್ತದೆ. ಬುತ್ತಿ ಕಟ್ಟಿಕೊಂಡ ಗಂಡಸರು ಹೆಂಗಸರು ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಕತ್ತಲಾದ ಮೇಲೆ ಹಿಂತಿರುಗುತ್ತಾರೆ. ಊರಿನಲ್ಲಿ ಮನೆಯುಂಟು, ಶಾಲೆಯುಂಟು, ಗುಡಿ, ಇಗರ್ಜಿ, ಮಸೀದಿಗಳುಂಟು. ಅನ್ನ ಮಾತ್ರ ಅರವತ್ತು ಮೈಲಿಯ ಆಚೆ. ಇಂಥ ಊರನ್ನು ಮತ್ತೆ ಸ್ವಂತ ಕಾಲಿನ ಮೇಲೆ ನಿಲ್ಲಿಸುವುದು ಸಾಧ್ಯವೆ? ಸಾಧ್ಯವಾದರೆ ಎಲ್ಲಿಂದ ಆರಂಭಿಸಬೇಕು? ಈ ಪ್ರಶ್ನೆಯನ್ನು ನಿಮ್ಮೊಡನೆ ಕುಳಿತು ಸ್ವಲ್ಪ ಬಿಡಿಸಿ ನೋಡಬೇಕೆಂದು ಈ ಲೇಖನ.

ಮೊದಲು ಊರು ಇಳಿದ ಬಗೆಯನ್ನು ತಿಳಿಯೋಣ. ೧೮೮೦ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳು ಎಂಬ ಇಂಗ್ಲಿಷ್ ಕಂಪೆನಿ ಇಲ್ಲಿ ಕೈಹಾಕಿತು. ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಸೀಮೆಗಳಿಂದ ಬಡ ಕೂಲಿಗಾರರು ಬಂದು ನೆಲದೊಳಗೆ ಇಳಿದರು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಬೆಳೆದವು. ಚಾಂಪಿಯನ್ ರೀಫ್ ಕೊನೆಗೆ ಹತ್ತು ಸಾವಿರ ಅಡಿಗೂ ಕೆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯೇ ಅರವತ್ತು ಡಿಗ್ರಿ ಮೀರಿ ಕಾಯ್ದಿರುತ್ತದೆ. ಮೇಲಿನ ಭಾರಕ್ಕೆ ಕಲ್ಲು ಗುಂಡಿನಂತೆ ಸಿಡಿಯುತ್ತದೆ. ಆರಂಭದ ವರ್ಷಗಳಲ್ಲಿ ಒಂದು ಟನ್ನು ಅದಿರಿಗೆ ನಲವತ್ತು ಗ್ರಾಮಿಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಕೊನೆಯ ದಿನಗಳಲ್ಲಿ ಅದು ಕೆಲವೇ ಗ್ರಾಮಿಗೆ ಇಳಿಯಿತು. ಆಳ ಹೆಚ್ಚಿದಂತೆ ಖರ್ಚು ಹೆಚ್ಚಿತು, ಚಿನ್ನ ಕಡಮೆಯಾಯಿತು. ಲೆಕ್ಕ ಅಲ್ಲಿಗೇ ತಪ್ಪಿತು.

೧೯೫೬ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ೧೯೬೨ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದುವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. ೨೦೦೧ರ ಫೆಬ್ರವರಿ ೨೮ರಂದು ಬಾಗಿಲು ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಈ ನೆಲ ಕೊಟ್ಟ ಚಿನ್ನ ಸುಮಾರು ೮೦೦ ಟನ್ನು.

ಒಂದು ಕಾರ್ಖಾನೆ ಮುಚ್ಚಿದರೆ ದೊಡ್ಡ ನಗರಕ್ಕೆ ಅದು ಹಲ್ಲು ಬಿದ್ದಂತೆ. ನೋವಾಗುತ್ತದೆ, ಆದರೆ ಊಟ ನಿಲ್ಲುವುದಿಲ್ಲ. ಗಣಿಯ ಊರಿನ ಮಾತು ಬೇರೆ. ಇಲ್ಲಿ ಮನೆ ಕಂಪೆನಿಯದು, ಆಸ್ಪತ್ರೆ ಕಂಪೆನಿಯದು, ನಲ್ಲಿಯ ನೀರು ಕಂಪೆನಿಯದು, ಬೀದಿಯ ದೀಪವೂ ಕಂಪೆನಿಯದು. ಒಂಟಿ ಕಂಬದ ಮೇಲೆ ಹಾಕಿದ ಚಪ್ಪರವಿದು. ಕಂಬ ಬಿದ್ದ ದಿನ ಸಂಬಳ ನಿಂತಿತು; ಅದರ ಹಿಂದೆಯೇ ಅಂಗಡಿಯ ವ್ಯಾಪಾರ, ದರ್ಜಿಯ ಹೊಲಿಗೆ, ಟ್ಯೂಷನ್ ಹೇಳುವ ಮೇಷ್ಟರ ಫೀಜು ಎಲ್ಲವೂ ಕುಗ್ಗುತ್ತ ಬಂದುವು. ಕೆಲಸ ಹೋದವರ ಸಂಖ್ಯೆಯನ್ನು ಕಾಗದದಲ್ಲಿ ಬರೆಯಬಹುದು. ಅವರ ಹಿಂದೆ ನಿಂತವರ ಸಂಖ್ಯೆಯನ್ನು ಬರೆದವರು ಯಾರು?

ಈಗ ನಿಮ್ಮನ್ನು ದೂರದ ಇನ್ನೊಂದು ಊರಿಗೆ ಕರೆದೊಯ್ಯುತ್ತೇನೆ. ಅಮೆರಿಕದ ದಕ್ಷಿಣ ಡಕೋಟಾ ಸಂಸ್ಥಾನದಲ್ಲಿ ಲೀಡ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಯೂ ಚಿನ್ನದ ಗಣಿ; ಹೆಸರು ಹೋಮ್‌ಸ್ಟೇಕ್. ಅದು ೧೮೭೬ರಲ್ಲಿ ತೊಡಗಿ ಎಂಟು ಸಾವಿರ ಅಡಿ ಇಳಿದು, ನಮ್ಮದು ಮುಚ್ಚಿದ ಮರುವರ್ಷ, ೨೦೦೨ರಲ್ಲಿ, ಕೆಲಸ ನಿಲ್ಲಿಸಿತು. ಇಷ್ಟೇ ಆಗಿದ್ದರೆ ಹೋಲಿಕೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇನ್ನೊಂದು ಸಂಗತಿಯುಂಟು. ೧೯೬೦ರ ದಶಕದಲ್ಲಿ ಎರಡು ಗಣಿಗಳ ಆಳದಲ್ಲಿಯೂ ವಿಜ್ಞಾನಿಗಳು ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣವನ್ನು ಹುಡುಕುತ್ತಿದ್ದರು. ಆಕಾಶದಿಂದ ಸುರಿಯುವ ಇತರ ಕಣಗಳ ಗದ್ದಲವನ್ನು ದಪ್ಪನೆಯ ಬಂಡೆ ತಡೆಯುತ್ತದೆ. ನ್ಯೂಟ್ರಿನೋ ಮಾತ್ರ ಬಂಡೆಯನ್ನು ತೂರಿ ಬರುತ್ತದೆ. ಆದುದರಿಂದ ಆಳದ ಗಣಿ ಅದಕ್ಕೆ ತಕ್ಕ ಜಾಗ. ಚಾಂಪಿಯನ್ ರೀಫ್‌ನಲ್ಲಿ ಸುಮಾರು ಏಳೂವರೆ ಸಾವಿರ ಅಡಿ ಕೆಳಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹಂ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ೧೯೬೫ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡರು. ಲೋಕದಲ್ಲಿಯೇ ಅಂಥ ಮೊದಲ ದರ್ಶನಗಳಲ್ಲಿ ಅದೂ ಒಂದು. ಹೋಮ್‌ಸ್ಟೇಕಿನಲ್ಲಿ ರೇ ಡೇವಿಸ್ ಎಂಬವರು ಸೂರ್ಯನಿಂದ ಬರುವ ನ್ಯೂಟ್ರಿನೋಗಳನ್ನು ಎಣಿಸಿದರು. ೨೦೦೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಗಣಿ ಮುಚ್ಚಿದ ಮೇಲೆ ಅಲ್ಲಿಯೂ ಪಂಪುಗಳು ನಿಂತುವು, ನೀರು ಏರತೊಡಗಿತು. ಆದರೆ ಆ ಸಂಸ್ಥಾನದ ಸರ್ಕಾರ ಗಣಿಯನ್ನು ದಾನವಾಗಿ ಪಡೆಯಿತು; ತಾನೂ ಹಣ ತೆಗೆದಿರಿಸಿತು; ಒಬ್ಬ ಶ್ರೀಮಂತ ದಾನಿ ೭ ಕೋಟಿ ಡಾಲರು ಕೊಡಲು ಮುಂದೆ ಬಂದ. ೨೦೦೮ರಲ್ಲಿ ನೀರನ್ನು ಎತ್ತಲು ಮತ್ತೆ ಆರಂಭಿಸಿದರು. ಈಗ ಅಲ್ಲಿ ೪,೮೫೦ ಅಡಿ ಆಳದಲ್ಲಿ ದೊಡ್ಡ ಪ್ರಯೋಗಾಲಯವಿದೆ. ಎಂಟು ನೂರು ಮೈಲಿ ದೂರದಿಂದ ನೆಲದೊಳಗೇ ಕಳುಹಿಸುವ ನ್ಯೂಟ್ರಿನೋಗಳನ್ನು ಹಿಡಿಯಲು ಹೊಸ ಗುಹೆಗಳನ್ನು ಕೊರೆದಿದ್ದಾರೆ. ಗಣಿ ಕೊಡುತ್ತಿದ್ದಷ್ಟು ಕೆಲಸವನ್ನು ಪ್ರಯೋಗಾಲಯ ಕೊಡದು, ಇದನ್ನು ಮರೆಮಾಚಬಾರದು. ಆದರೂ ಗಣಿಯ ಕೆಲಸ ಬಲ್ಲವನಿಗೆ ಅಲ್ಲಿ ಅದೇ ಕೆಲಸ ಮತ್ತೆ ಬೇಕಾಯಿತು: ಪಂಜರ ಇಳಿಸುವುದು, ನೀರು ಎತ್ತುವುದು, ಗಾಳಿ ಹಾಯಿಸುವುದು, ಬಂಡೆಗೆ ಆಧಾರ ಕೊಡುವುದು.

ನಮ್ಮ ಗಣಿಯಲ್ಲಿಯೂ ನೀರು ತುಂಬಿತು. ಎತ್ತುವವರು ಮಾತ್ರ ಬರಲಿಲ್ಲ. ಇಷ್ಟು ವರ್ಷಗಳ ಮೇಲೆ ಅದನ್ನೆಲ್ಲ ಬಸಿಯುವುದು ಸುಲಭವೆಂದು ನಾನು ಹೇಳಲಾರೆ. ಆದರೆ ಪಾಠ ಸ್ಪಷ್ಟವಾಗಿದೆ. ಒಂದು ಉದ್ಯಮ ಸಾಯುವುದು ಬೇರೆ, ಅದು ಕಟ್ಟಿಟ್ಟದ್ದು ಸಾಯುವುದು ಬೇರೆ. ಚಿನ್ನ ಮುಗಿದರೆ ಯಾರೇನು ಮಾಡಲು ಬಂದೀತು? ಆದರೆ ಬಾವಿ, ಯಂತ್ರ, ರೈಲು, ನೀರಿನ ಕೊಳವೆ, ಕೈಗಳ ಕಸುಬು, ಇವು ಚಿನ್ನದೊಡನೆ ಮುಗಿಯಬೇಕೆಂಬ ನಿಯಮವಿಲ್ಲ. ಇವನ್ನು ಏನು ಮಾಡಬೇಕೆಂಬುದನ್ನು ಪಂಪು ನಿಲ್ಲಿಸುವ ಮುನ್ನ ಯೋಚಿಸಬೇಕು, ಆಮೇಲಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿದ್ದಾರೆ. ಅಲ್ಲಿಯ ಊರಿನ ಮುಂದಿನ ಬಾಳನ್ನು ಕುರಿತು ಮಾತನಾಡಲು ಗಣಿ ನಡೆಯುತ್ತಿರುವ ಈ ಕಾಲವೇ ತಕ್ಕ ಕಾಲ.

ಇನ್ನೊಂದು ಎಚ್ಚರಿಕೆಯ ಮಾತನ್ನು ಜರ್ಮನಿಯ ರೂರ್ ಸೀಮೆ ಹೇಳುತ್ತದೆ. ಅದು ಕಲ್ಲಿದ್ದಲಿನ ನಾಡು. ೧೯೫೦ರ ದಶಕದ ಕೊನೆಯಲ್ಲಿ ಅಲ್ಲಿಯ ಗಣಿಗಳು ಇಳಿಮುಖವಾದಾಗ ಬೋಹಮ್ ನಗರ ಹಳೆಯ ಗಣಿಯ ನೆಲದ ಮೇಲೆ ಓಪೆಲ್ ಮೋಟಾರು ಕಾರ್ಖಾನೆಯನ್ನು ಬರಮಾಡಿಕೊಂಡಿತು. ೧೯೬೨ರಲ್ಲಿ ಅದು ತೆರೆಯಿತು; ಜನ ನಿಟ್ಟುಸಿರು ಬಿಟ್ಟರು. ೨೦೧೪ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು! ಒಂದು ಕಂಬ ಬಿದ್ದ ಜಾಗದಲ್ಲಿ ಇನ್ನೊಂದೇ ಕಂಬ ನೆಟ್ಟರೆ ಹೀಗಾಗುತ್ತದೆ. ಆದರೆ ಅದೇ ನಗರದಲ್ಲಿ ೧೯೬೫ರಲ್ಲಿ ಒಂದು ವಿಶ್ವವಿದ್ಯಾನಿಲಯವನ್ನೂ ತೆರೆದಿದ್ದರು. ಅದು ಇಂದಿಗೂ ನಿಂತಿದೆ, ಸಾವಿರಾರು ಹುಡುಗರನ್ನು ಊರಿಗೆ ತರುತ್ತಿದೆ. ಸಮೀಪದ ಎಸ್ಸೆನ್ ನಗರದಲ್ಲಿ ತ್ಸೋಲ್‌ಫರೈನ್ ಎಂಬ ದೊಡ್ಡ ಗಣಿ ೧೯೮೬ರಲ್ಲಿ ಮುಚ್ಚಿದಾಗ ಅದನ್ನು ಗುಜರಿಗೆ ಮಾರದೆ ಉಳಿಸಿಕೊಂಡರು. ೨೦೦೧ರಲ್ಲಿ, ನಮ್ಮ ಗಣಿ ಮುಚ್ಚಿದ ವರ್ಷವೇ, ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ; ದೇಶ ದೇಶಗಳಿಂದ ಜನ ನೋಡಲು ಬರುತ್ತಾರೆ.

ಇವೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಚಿನ್ನದ ಗಣಿಗೆ ಮರಳೋಣ. ಅಲ್ಲಿ ಮಾಡಬಹುದಾದದ್ದು ಏನು? ನಾಲ್ಕು ವಿಚಾರಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಗುಡ್ಡಗಳ ವಿಷಯ. ಅದಿರನ್ನು ಅರೆದು, ಸಯನೈಡಿನಿಂದ ಚಿನ್ನ ತೆಗೆದು, ಉಳಿದ ಹುಡಿಯನ್ನು ಗುಡ್ಡೆ ಹಾಕುತ್ತ ಬಂದರು. ಅಂಥ ೧೩ ಗುಡ್ಡಗಳಲ್ಲಿ ಸುಮಾರು ೩.೩ ಕೋಟಿ ಟನ್ನು ಹುಡಿ ಉಂಟು. ಗಾಳಿಯ ಕಾಲದಲ್ಲಿ ಅದರ ಧೂಳು ಊರಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದೆ ಇಟ್ಟ ಅನ್ನದ ಮೇಲೆ ಬೀಳುತ್ತದೆ. ಆ ಹುಡಿಯಲ್ಲಿ ಇನ್ನೂ ಅಷ್ಟಿಷ್ಟು ಚಿನ್ನ ಉಳಿದಿದೆ. ಅದನ್ನು ತೆಗೆಯುವುದಕ್ಕೆ ೨೦೨೪ರ ಜೂನ್‌ನಲ್ಲಿ ರಾಜ್ಯದ ಮಂತ್ರಿಮಂಡಲ ಸಮ್ಮತಿ ಕೊಟ್ಟಿತು. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನ ಸುತ್ತ ೧೯೭೦ರ ದಶಕದ ಕೊನೆಯಿಂದಲೇ ಇಂಥ ಗುಡ್ಡಗಳನ್ನು ನೀರಿನ ರಭಸದಿಂದ ಕರಗಿಸಿ, ಕೊಳವೆಗಳಲ್ಲಿ ಸಾಗಿಸಿ, ಚಿನ್ನ ತೆಗೆದು ನೆಲವನ್ನು ತೆರವು ಮಾಡುತ್ತ ಬಂದಿದ್ದಾರೆ. ಆದುದರಿಂದ ಇದು ಕನಸಿನ ಮಾತಲ್ಲ.

ಆದರೆ ಒಂದು ಪ್ರಶ್ನೆಯನ್ನು ನೀವೂ ನಾನೂ ಕೇಳಲೇಬೇಕು. ನೂರಿಪ್ಪತ್ತು ವರ್ಷ ಚಿನ್ನ ಹೊರಗೆ ಹೋಯಿತು, ಧೂಳು ಒಳಗೆ ಉಳಿಯಿತು. ಈಗಲೂ ಹಾಗೆಯೇ ಆಗಬೇಕೆ? ಗಣಿ ನಡೆಯುವ ಜಿಲ್ಲೆಯ ಜನರಿಗಾಗಿ ಗಣಿಯ ಆದಾಯದಲ್ಲಿ ಪಾಲು ತೆಗೆದಿರಿಸಬೇಕೆಂದು ೨೦೧೫ರ ಕಾನೂನಿನ ತಿದ್ದುಪಡಿ ಹೇಳುತ್ತದೆ. ಅದಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಏರ್ಪಟ್ಟಿವೆ. ಗುಡ್ಡದ ಕೆಲಸಕ್ಕೆ ಊರಿನವರಿಗೇ ಮೊದಲ ಕರೆ, ಧೂಳು ಏಳದಂತೆ ಕಟ್ಟುಪಾಡು, ಕುಡಿಯುವ ನೀರಿನ ಪರೀಕ್ಷೆ, ತೆರವಾದ ನೆಲದ ಮೇಲೆ ಊರಿನ ಹಕ್ಕು, ಗಣಿಯ ಧೂಳಿನಿಂದ ಎದೆ ಕೆಟ್ಟ ಮುದುಕರಿಗೆ ಔಷಧೋಪಚಾರ, ಇವೆಲ್ಲವನ್ನೂ ಮೊದಲ ಗುದ್ದಲಿ ಬೀಳುವ ಮುನ್ನವೇ ಬರೆಹದಲ್ಲಿ ಗೊತ್ತುಮಾಡಬೇಕು.

ಎರಡನೆಯದು ಕಸುಬು. ಸರ್ಕಾರ ೧೯೬೪ರಲ್ಲಿ ಸ್ಥಾಪಿಸಿದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಕಾರ್ಖಾನೆ ಈ ಊರಿನಲ್ಲಿದೆ. ನೆಲ ಅಗೆಯುವ, ಮಣ್ಣು ತಳ್ಳುವ ಭಾರಿ ಯಂತ್ರಗಳು ಅಲ್ಲಿ ತಯಾರಾಗುತ್ತವೆ. ಗಣಿ ಮುಚ್ಚಿದರೂ ಊರು ಪೂರ್ತಿ ಮಲಗದಿದ್ದುದಕ್ಕೆ ಅದೂ ಒಂದು ಕಾರಣ. ಬಂಡೆಗಳ ಒತ್ತಡ, ಸಿಡಿತಗಳನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ೧೯೮೮ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಇಂದು ದೇಶದಲ್ಲೆಲ್ಲ ನೆಲದೊಳಗೆ ಮೆಟ್ರೋ ರೈಲಿನ ದಾರಿ ಕೊರೆಯುತ್ತಿದ್ದಾರೆ, ಬೆಟ್ಟಗಳಲ್ಲಿ ಸುರಂಗ ತೋಡುತ್ತಿದ್ದಾರೆ. ಸುರಂಗದ ಕೆಲಸ ಕಲಿಸುವ ದೊಡ್ಡ ಶಾಲೆಯೊಂದಕ್ಕೆ ಇದಕ್ಕಿಂತ ತಕ್ಕ ಊರು ಯಾವುದು? ತಾತನಿಗೆ ಕಲ್ಲಿನ ಸದ್ದೇ ಮಾತಾಗಿದ್ದ ಮನೆಯ ಹುಡುಗ ಬೆಂಗಳೂರಿನಲ್ಲಿ ಕಾವಲುಗಾರನಾಗಿ ನಿಂತಿದ್ದರೆ ನಷ್ಟ ಅವನೊಬ್ಬನದಲ್ಲ.

ಮೂರನೆಯದು ರೈಲು. ಬೆಂಗಳೂರಿಗೆ ಹೋಗಿಬರುವುದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಅದು ಊರನ್ನು ಉಳಿಸಿದ ಹಗ್ಗ. ಆದರೆ ಹಗ್ಗವನ್ನು ಎರಡು ಕಡೆಯಿಂದಲೂ ಎಳೆಯಬಹುದು. ಬೆಂಗಳೂರಿನಲ್ಲಿ ನೆಲದ ಬೆಲೆ ಆಕಾಶಕ್ಕೇರಿದೆ. ಇಲ್ಲಿ ಗಣಿಗೆ ಸೇರಿದ ಸಾವಿರಾರು ಎಕರೆ ನೆಲ ಉಂಟು, ರೈಲು ಉಂಟು, ಕೆಲಸ ಬಲ್ಲ ಜನ ಉಂಟು. ಒಂದು ಭಾರಿ ಕಾರ್ಖಾನೆಗಾಗಿ ಕಾಯುತ್ತ ಕೂರದೆ, ಐವತ್ತು ನೂರು ಜನ ದುಡಿಯುವ ಸಣ್ಣ ಕಾರ್ಖಾನೆಗಳು ಹಲವು ಬಂದರೆ ಬೆಳಗಿನ ರೈಲು ಈ ಕಡೆಗೂ ಜನರನ್ನು ತಂದೀತು. ಬೋಹಮ್ ನಗರದ ಪಾಠವನ್ನು ಇಲ್ಲಿ ನೆನೆಯಿರಿ.

ನಾಲ್ಕನೆಯದು ನೆನಪು. ಬಾವಿಯ ಮೇಲಿನ ಕಬ್ಬಿಣದ ಗೋಪುರಗಳು, ಪಂಜರವನ್ನು ಎಳೆಯುತ್ತಿದ್ದ ಯಂತ್ರಗಳು, ಸಾಹೇಬರ ಬಂಗಲೆಗಳು, ಅವುಗಳ ಕೆಳಗೆ ಕೂಲಿಗಾರರ ಸಾಲುಮನೆಗಳು, ಇವನ್ನು ಒಟ್ಟಿಗೆ ನೋಡಿದವನಿಗೆ ಪುಸ್ತಕದಲ್ಲಿ ಸಿಗದ ಚರಿತ್ರೆ ಸಿಗುತ್ತದೆ. ಬಂಗಲೆಗಳನ್ನಷ್ಟೇ ಉಳಿಸಿ ಸಾಲುಮನೆಗಳನ್ನು ಬಿಟ್ಟರೆ ಅರ್ಧ ಚರಿತ್ರೆ ಉಳಿಸಿದಂತೆ. ಕೆಳಗಿಳಿದು ದುಡಿದವರು ಇನ್ನೂ ಇದ್ದಾರೆ. ನೋಡಲು ಬಂದವರಿಗೆ ದಾರಿ ತೋರಿಸಿ ಕತೆ ಹೇಳಬೇಕಾದವರು ಅವರು. ವರ್ಷ ಕಳೆದಂತೆ ಅವರ ಸಂಖ್ಯೆ ಇಳಿಯುತ್ತಿದೆ. ಆದುದರಿಂದ ಈ ಕೆಲಸಕ್ಕೆ ನಾಳೆ ಎಂಬುದಿಲ್ಲ.

ಈ ನಾಲ್ಕರಲ್ಲಿ ಯಾವುದೊಂದೂ ಸಾಲದು. ನಾಲ್ಕೂ ಸೇರಿದರೆ ಚಪ್ಪರಕ್ಕೆ ನಾಲ್ಕು ಕಂಬ. ಇವುಗಳ ವಿಚಾರ ನಡೆಯುವ ಮೇಜಿನ ಬಳಿ ಅಧಿಕಾರಿಗಳಿಗೆ ಕುರ್ಚಿ ಇದ್ದೇ ಇರುತ್ತದೆ. ನಸುಕಿನ ರೈಲಿನಲ್ಲಿ ಹೋಗುವವರಿಗೂ ಒಂದು ಕುರ್ಚಿ ಹಾಕಬೇಕು. ಊರು ಯಾರದೋ ಅವರನ್ನು ಕೇಳದೆ ಊರನ್ನು ಎತ್ತಿ ನಿಲ್ಲಿಸಿದವರು ಎಲ್ಲಿಯೂ ಇಲ್ಲ.

ನಿಮ್ಮ ಊರಿನಲ್ಲಿಯೂ ಒಂದು ಗಿರಣಿಯೋ ಕಾರ್ಖಾನೆಯೋ ಇದ್ದೀತು. ಅದರ ಕೂಗಿಗೆ ನೀವು ಗಡಿಯಾರ ಸರಿಮಾಡಿಕೊಳ್ಳುತ್ತಿರಬಹುದು. ಅದು ಚೆನ್ನಾಗಿ ನಡೆಯುತ್ತಿರುವ ಇಂದೇ ಒಮ್ಮೆ ಕೇಳಿಕೊಳ್ಳಿ: ಇದರ ಹೊರತು ನಮ್ಮ ಊರಿಗೆ ಇನ್ನಾವ ಕಂಬ ಉಂಟು? ಉತ್ತರ ತಡವರಿಸಿದರೆ ಎರಡನೆಯ ಕಂಬಕ್ಕೆ ಗುಂಡಿ ತೋಡಲು ಇದೇ ಒಳ್ಳೆಯ ಕಾಲ.