ಹಳೇ ಗಿಟಾರ್‌ಗೆ ಹೊಸ ತೂತು

ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೊಂಡವರಲ್ಲಿ ಹಲವರಿಗೆ ಒಂದಲ್ಲ ಒಂದು ದಿನ ಬಿಗ್ಸ್‌ಬಿ ಹುಚ್ಚು ಹಿಡಿಯುತ್ತದೆ. ಗಿಟಾರಿನ ಹಿಂತುದಿಯಲ್ಲಿ, ತಂತಿಗಳನ್ನು ಸಿಕ್ಕಿಸುವ ಜಾಗದಲ್ಲಿ ಕೂರುವ ಅಲ್ಯೂಮಿನಿಯಂ ಎರಕದ ವೈಬ್ರಾಟೊ ಟೇಲ್‌ಪೀಸ್ ಅದು. ಅದರ ಹಿಡಿಯನ್ನು ಮೆಲ್ಲಗೆ ಒತ್ತಿದರೆ ಮೀಟಿದ ಸ್ವರಗಳೆಲ್ಲ ಸ್ವಲ್ಪ ತಗ್ಗುತ್ತವೆ, ಬಿಟ್ಟರೆ ಮತ್ತೆ ಮೇಲೇರುತ್ತವೆ. ವೀಣೆಯಲ್ಲಿ ಬೆರಳು ತಂತಿಯನ್ನು ಎಳೆದು ಗಮಕ ತೆಗೆಯುತ್ತದೆ. ಇಲ್ಲಿ ಒಂದೇ ಹಿಡಿಗೆ ಆರೂ ತಂತಿಗಳು ತೂಗುತ್ತವೆ. ಕೇಳಲು ಸೊಗಸು. ತಕರಾರಿರುವುದು ಅದನ್ನು ಕೂರಿಸುವ ರೀತಿಯಲ್ಲಿ. ಗಿಬ್ಸನ್ ಲೆಸ್ ಪಾಲ್‌ನಂಥ ಗಿಟಾರ್‌ಗೆ ಇದನ್ನು ಹಾಕಲು ಮರಕ್ಕೆ ಡ್ರಿಲ್ ಇಳಿಸಬೇಕು. ಆರೇಳು ದಶಕ ಯಾರೂ ಕೈಹಾಕದ ಮರಕ್ಕೆ.

ಇದನ್ನು ಮಾಡಿದ ಪಾಲ್ ಬಿಗ್ಸ್‌ಬಿ ಕ್ಯಾಲಿಫೋರ್ನಿಯಾದ ಡೌನಿಯವನು. ಎರಕಕ್ಕೆ ಬೇಕಾದ ಪಡಿಯಚ್ಚು ತಯಾರಿಸುವುದು ಅವನ ಕಸುಬು, ಮೋಟಾರ್‌ಸೈಕಲ್ ಅವನ ಗೀಳು. ಕ್ರಾಕರ್ ಎಂಬ ಮೋಟಾರ್‌ಸೈಕಲ್ ಕಂಪನಿಯಲ್ಲೂ ದುಡಿದಿದ್ದ. ಕಂಟ್ರಿ ಸಂಗೀತದ ಹೆಸರಾಂತ ವಾದಕ ಮರ್ಲ್ ಟ್ರಾವಿಸ್ ಅವನ ಗೆಳೆಯ. ಟ್ರಾವಿಸ್ ಗಿಟಾರಿನಲ್ಲಿ ಡಾಕ್ ಕಾಫ್‌ಮನ್ ರೂಪಿಸಿದ ಹಳೆಯ ವೈಬ್ರೊಲಾ ಇತ್ತು. ಒಮ್ಮೆ ಅಲುಗಿಸಿದರೆ ಶ್ರುತಿ ಕೆಟ್ಟೇ ಹೋಗುತ್ತಿತ್ತು. ಇದನ್ನು ರಿಪೇರಿ ಮಾಡಿಕೊಡು ಎಂದು ಟ್ರಾವಿಸ್ ಕೇಳಿದರೆ, ಬಿಗ್ಸ್‌ಬಿ ಕೊನೆಗೆ ತನ್ನದೇ ಹೊಸ ಸಾಧನ ಮಾಡಿಕೊಟ್ಟ. 1950ರ ದಶಕದಲ್ಲಿ ಗ್ರೆಚ್, ಗಿಬ್ಸನ್ ಕಂಪನಿಗಳು ಅದನ್ನು ತಮ್ಮ ಗಿಟಾರ್‌ಗಳಿಗೆ ಹಾಕತೊಡಗಿದವು. ಮುಂದೆ ಬಿಗ್ಸ್‌ಬಿಯ ವ್ಯಾಪಾರ ಗಿಬ್ಸನ್‌ನ ಅಧ್ಯಕ್ಷನಾಗಿದ್ದ ಟೆಡ್ ಮೆಕಾರ್ಟಿಯ ಕೈಸೇರಿ, ಆಮೇಲೆ ಗ್ರೆಚ್‌ಗೆ ಹೋಗಿ, 2019ರಲ್ಲಿ ಫೆಂಡರ್ ಪಾಲಾಯಿತು.

ಒಳಗಿನ ಕೆಲಸ ಸರಳ. ಬೇರಿಂಗ್ ಮೇಲೆ ಉರುಳುವ ಒಂದು ದಂಡ, ಅದರಲ್ಲಿ ಆರು ಪುಟ್ಟ ಮೊಳೆಗಳು. ತಂತಿಯ ತುದಿಯ ಗುಂಡನ್ನು ಮೊಳೆಗೆ ಸಿಕ್ಕಿಸಿ, ದಂಡವನ್ನು ಬಳಸಿ ಬ್ರಿಡ್ಜ್ ಕಡೆಗೆ ಎಳೆದುಕೊಳ್ಳಬೇಕು. ಹಿಡಿಯ ಕೆಳಗಿರುವ ದಪ್ಪನೆಯ ಸ್ಪ್ರಿಂಗ್ ಆರು ತಂತಿಗಳ ಎಳೆತಕ್ಕೆ ಎದುರು ನಿಲ್ಲುತ್ತದೆ. ಹೇಳುವಷ್ಟು ಸುಲಭವಲ್ಲ ತಂತಿ ಬದಲಿಸುವುದು: ಆ ತುದಿಯಲ್ಲಿ ಬಿರಡೆ ತಿರುಗಿಸಲು ಕೈ ಎತ್ತಿದ ಕೂಡಲೇ ಈ ತುದಿಯಲ್ಲಿ ಗುಂಡು ಮೊಳೆಯಿಂದ ಜಾರಿ ಬೀಳುತ್ತದೆ. ಅನುಭವಸ್ಥರು ತಂತಿಯ ತುದಿಯನ್ನು ಮೊದಲೇ ಕೊಕ್ಕೆಯಂತೆ ಬಗ್ಗಿಸಿಟ್ಟುಕೊಂಡು, ದಂಡದ ಅಡಿಗೆ ಸ್ಪಂಜಿನ ತುಂಡೊಂದನ್ನು ತುರುಕುತ್ತಾರೆ.

ಇನ್ನು ಮರದ ಮಾತು. ಅಮೆರಿಕದ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಯಲ್ಲಿ 1958ರಿಂದ 1960ರವರೆಗೆ ತಯಾರಾದ ಸನ್‌ಬರ್ಸ್ಟ್ ಲೆಸ್ ಪಾಲ್‌ಗಳಿಗೆ ಈಗ ಮನೆ ಕೊಳ್ಳುವಷ್ಟು ಬೆಲೆ. ಅವುಗಳ ಬೆರಳುಪಟ್ಟಿ ಬ್ರೆಜಿಲ್‌ನ ಬೀಟೆ; ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಿಂದ ಕಟ್ಟುನಿಟ್ಟಿನ ನಿರ್ಬಂಧವಿದೆ. (1960ರ ದಶಕದಲ್ಲೇ ಗಿಬ್ಸನ್ ಭಾರತದ ಬೀಟೆಗೆ ಹೊರಳಿತು, ನಮ್ಮ ಮಲೆನಾಡು, ಕೊಡಗಿನಲ್ಲೂ ಬೆಳೆಯುವ ಅದೇ ಜಾತಿ.) ಇಂಥ ಗಿಟಾರ್ ಕೊಳ್ಳಬಂದವನು ನುಡಿಸಿ ನೋಡುವ ಮೊದಲು ಸ್ಕ್ರೂ ಬಿಚ್ಚಿ ನೋಡುತ್ತಾನೆ. ಬೆಸುಗೆ ಹಳೆಯದೇ, ಪಿಕಪ್ ಮೂಲದ್ದೇ, ಬಣ್ಣ ಮತ್ತೆ ಬಳಿದಿದ್ದೇ? ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದರೆ ಹಳೆಯ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ತೂತು ಮುಚ್ಚಿ ಬಣ್ಣ ತಾಗಿಸಿದ ಜಾಗ ಮಾತ್ರ ಕಪ್ಪು ಕಲೆಯಾಗಿ ಬೇರೆ ಕಾಣುತ್ತದೆ. ಎಷ್ಟೇ ನಾಜೂಕಾಗಿ ಮುಚ್ಚಿದರೂ ತೂತು ತೂತೇ. ಪೂರ್ತಿ ಬಣ್ಣ ಬಳಿಸಿದರಂತೂ ಬೆಲೆ ಅರ್ಧಕ್ಕಿಳಿಯಿತು ಎಂಬುದು ಈ ವ್ಯಾಪಾರದವರ ಬಾಯಿಲೆಕ್ಕ.

ಹಾಗೆಂದು ಕಾರ್ಖಾನೆಯವರೇನು ಮಡಿ ಮಾಡುತ್ತಿದ್ದರೇ? 1958ರಲ್ಲಿ ಬಂದ ಗಿಬ್ಸನ್ ಇಎಸ್-335 ಮಾದರಿಯಲ್ಲಿ ಸಾಮಾನ್ಯ ಟೇಲ್‌ಪೀಸ್‌ಗಾಗಿ ಮೊದಲೇ ಎರಡು ತೂತು ಕೊರೆದಿರುತ್ತಿದ್ದರು. ಗಿರಾಕಿ ಬಿಗ್ಸ್‌ಬಿ ಕೇಳಿದರೆ ಅದನ್ನು ಕೂರಿಸಿ, ಬೇಡವಾದ ತೂತುಗಳ ಮೇಲೊಂದು ಪುಟ್ಟ ಫಲಕ ಹೊಡೆಯುತ್ತಿದ್ದರು. ಫಲಕದ ಮೇಲಿನ ಬರಹ ‘ಕಸ್ಟಮ್ ಮೇಡ್’! ತೇಪೆ ಹಾಕುವುದನ್ನೇ ಹೆಚ್ಚುಗಾರಿಕೆಯಾಗಿ ಮಾರಿದ ಈ ಜಾಣತನಕ್ಕೆ ನಾನಂತೂ ಕೈ ಮುಗಿದಿದ್ದೇನೆ. ಈಗ ಅದೇ ಗಿಟಾರಿನ ಮಾಲೀಕರು ಬಿಗ್ಸ್‌ಬಿ ಕಿತ್ತು, ಫಲಕ ತೆಗೆದು, ಸಾಮಾನ್ಯ ಟೇಲ್‌ಪೀಸ್ ಹಾಕಿಸುವುದುಂಟು, ಏಕೆಂದರೆ ಸಂಗ್ರಾಹಕರಿಗೆ ಅದೇ ಹೆಚ್ಚು ಇಷ್ಟ. ಮೂಲದ್ದೆಲ್ಲ ಚೆನ್ನವೆಂದೂ ಅಲ್ಲ. 1952ರ ಮೊದಲ ಲೆಸ್ ಪಾಲ್‌ಗಳಲ್ಲಿ ತಂತಿಗಳು ಟೇಲ್‌ಪೀಸಿನ ಸರಳಿನ ಕೆಳಗಿನಿಂದ ಹಾದುಹೋಗುತ್ತಿದ್ದವು. ಅಂಗೈ ಊರಿ ನಾದ ಅದುಮುವುದು ಕಷ್ಟವಾಗಿತ್ತು. ಗಿಬ್ಸನ್ ಕಂಪನಿಯೇ ಬೇಗ ಅದನ್ನು ಕೈಬಿಟ್ಟಿತು.

ದೊಡ್ಡ ವಾದಕರ ಉದಾಹರಣೆ ಕೊಟ್ಟು ಡ್ರಿಲ್ ಎತ್ತಿಕೊಳ್ಳುವವರಿದ್ದಾರೆ. ನೀಲ್ ಯಂಗ್‌ನ ‘ಓಲ್ಡ್ ಬ್ಲ್ಯಾಕ್’ 1953ರ ಲೆಸ್ ಪಾಲ್. ಹೊನ್ನಿನ ಬಣ್ಣದ ಮೇಲೆ ಕಪ್ಪು ಬಳಿದು, ಪಿಕಪ್ ಬದಲಿಸಿ, ಬಿಗ್ಸ್‌ಬಿ ಹಾಕಿದ್ದು. ಕೀತ್ ರಿಚರ್ಡ್ಸ್ 1960ರ ದಶಕದ ನಡುವೆ ನುಡಿಸುತ್ತಿದ್ದ 1959ರ ಲೆಸ್ ಪಾಲ್‌ನಲ್ಲೂ ಬಿಗ್ಸ್‌ಬಿ ಇತ್ತು. ನಿಜ, ಆದರೆ ಆಗ ಅವೆಲ್ಲ ಸೆಕೆಂಡ್‌ಹ್ಯಾಂಡ್ ಗಿಟಾರ್‌ಗಳು. 1980ರ ದಶಕದಲ್ಲಿ ಫ್ಲಾಯ್ಡ್ ರೋಸ್ ವೈಬ್ರಾಟೊ ಬೇಕೆಂದು ಹಳೆಯ ಸ್ಟ್ರಾಟೊಕಾಸ್ಟರ್‌ಗಳ ಒಡಲು ಬಗೆದವರೂ ಹೀಗೇ ಅಂದುಕೊಂಡಿದ್ದರು. ಆ ಗಿಟಾರ್‌ಗಳನ್ನು ಇವತ್ತು ಮಾರಲು ಹೊರಟರೆ ಅವರ ಮುಖ ನೋಡುವಂತಿಲ್ಲ.

ನನ್ನ ತೀರ್ಮಾನ ಕೇಳಿದರೆ: ಯಾರೂ ತೂತು ಕೊರೆಯದ, ಮೂಲ ಬಣ್ಣದ ಗಿಟಾರ್‌ಗೆ ಡ್ರಿಲ್ ತಾಗಿಸಬಾರದು. ಹಳೇ ಸಾಮಾನಿನ ಮೇಲಿನ ಭಕ್ತಿಯಿಂದ ಈ ಮಾತು ಹೇಳುತ್ತಿಲ್ಲ. ಬಿಗ್ಸ್‌ಬಿ ಇರುವ ಬೇರೆ ಗಿಟಾರ್ ಎಂದಾದರೂ ಸಿಕ್ಕೀತು, ತೂತಿಲ್ಲದ ಈ ಗಿಟಾರ್ ಒಮ್ಮೆ ಕೆಟ್ಟರೆ ಮತ್ತೆ ಸಿಗದು, ಅಷ್ಟೇ. ಅದೂ ಅಲ್ಲದೆ ನಡುದಾರಿಯೊಂದಿದೆ. ವೈಬ್ರಮೇಟ್ ಎಂಬ ಲೋಹದ ತಟ್ಟೆ ಹಳೆಯ ಟೇಲ್‌ಪೀಸಿನ ತೂತುಗಳನ್ನೇ ಹಿಡಿದು ಕೂರುತ್ತದೆ, ಬಿಗ್ಸ್‌ಬಿ ಅದರ ಮೇಲೆ. ಬೇಡವೆನಿಸಿದ ದಿನ ಬಿಚ್ಚಿಟ್ಟರಾಯಿತು. ಮೂಲ ಟೇಲ್‌ಪೀಸ್, ಅದರ ಸ್ಕ್ರೂ ಸಮೇತ, ಗಿಟಾರಿನ ಪೆಟ್ಟಿಗೆಯಲ್ಲೇ ಇರಲಿ. ಕಳೆದುಹೋದರೆ ಅದೇ ಕಾಲದ ಇನ್ನೊಂದಕ್ಕೆ ಕೈ ಸುಡುವ ಬೆಲೆ.

ಇಷ್ಟಾದರೂ ಗಿಟಾರ್ ಮೊದಲಿನಂತೆಯೇ ಇರುತ್ತದೆಂದಲ್ಲ. ಬಿಗ್ಸ್‌ಬಿ ಭಾರ. ಮಡಿಲಲ್ಲಿಟ್ಟುಕೊಂಡ ಕೂಡಲೇ ತೂಕ ಹಿಂದಕ್ಕೆ ಸರಿದದ್ದು ತಿಳಿಯುತ್ತದೆ. ತಂತಿಯ ಬಿಗಿ ಕೈಗೆ ಬೇರೆಯೆನಿಸುತ್ತದೆ, ನಾದವೂ ಒಂಚೂರು ಬದಲಾಗುತ್ತದೆ. ಕೆಲವರಿಗೆ ಅದೇ ಇಷ್ಟ. ಶ್ರುತಿ ನಿಲ್ಲುವುದಿಲ್ಲ ಎಂಬ ದೂರಂತೂ ಹಳೆಯದು. ಅದರಲ್ಲಿ ಬಹುಪಾಲು ಬಿಗ್ಸ್‌ಬಿಯ ತಲೆಗೆ ಕಟ್ಟಿದ ಅಪವಾದ. ಕತ್ತಿನ ತುದಿಯ ನಟ್‌ನಲ್ಲಿ ಇಕ್ಕಟ್ಟಾದ ಗೀರುಗಳಿದ್ದರೆ ತಂತಿ ಅಲ್ಲೇ ಸಿಕ್ಕಿಕೊಂಡು, ಹಿಡಿ ಬಿಟ್ಟ ಮೇಲೆ ತನ್ನ ಜಾಗಕ್ಕೆ ಮರಳುವುದಿಲ್ಲ. ಗೀರುಗಳನ್ನು ಅರದಿಂದ ಒಪ್ಪ ಮಾಡಿ ಪೆನ್ಸಿಲ್ ಸೀಸದ ಪುಡಿ ಸವರಿದರೆ ಅರ್ಧ ತಗಾದೆ ಮುಗಿಯಿತು. ಕಿಣಿ ಕಿಣಿ ಸದ್ದು ಬಂದರೆ ಅದು ನಟ್‌ನದೇ ಕೆಲಸ.

ಈಗಾಗಲೇ ಬಣ್ಣ ಬದಲಾಗಿರುವ, ಕತ್ತು ಮುರಿದು ಅಂಟಿಸಿರುವ ಗಿಟಾರ್‌ಗೆ ಇಷ್ಟೆಲ್ಲ ಯೋಚನೆ ಬೇಕಿಲ್ಲ. ಅವು ನುಡಿಸಲೆಂದೇ ಉಳಿದವು, ಧಾರಾಳವಾಗಿ ಕೊರೆಯಬಹುದು. ಬಿಗ್ಸ್‌ಬಿಯೇ ಬೇಕೆಂದು ಹುಡುಕುವವರು ಕೊಳ್ಳಬೇಕಾದದ್ದೂ ಇಂಥವನ್ನೇ, ಕೈಗೆಟುಕುವ ಬೆಲೆಗೆ ಸಿಗುತ್ತವೆ. ಕೊರೆಯುವ ಮುನ್ನ ತುದಿಯ ಎರಡು ತಂತಿಗಳನ್ನು ಮಾತ್ರ ಕಟ್ಟಿ, ಅವು ಬೆರಳುಪಟ್ಟಿಯ ಎರಡೂ ಅಂಚಿನಿಂದ ಒಂದೇ ಅಂತರದಲ್ಲಿ ಹಾಯುತ್ತವೆಯೇ ಎಂದು ನೋಡಿ ಗುರುತು ಹಾಕಬೇಕು. ಗುರುತಿನ ಮೇಲೆ ಟೇಪು ಅಂಟಿಸಿದರೆ ಲ್ಯಾಕರ್ ಚಕ್ಕೆ ಏಳುವುದು ಕಡಿಮೆ. ಸ್ಕ್ರೂಗಿಂತ ಸಣ್ಣ ಅಳತೆಯ ತೂತು ಮೊದಲು ಕೊರೆದು, ಸ್ಕ್ರೂಗೆ ಚೂರು ಮೇಣ ಸವರಿ ತಿರುಗಿಸಬೇಕು. ಒಣಗಿದ ಮೇಪಲ್ ಮರ ಬಲವಂತಕ್ಕೆ ಸೀಳು ಬಿಡುತ್ತದೆ.