ಶಿಕಾರಿಪುರ, ಸೊರಬ ಸೀಮೆಯ ಶಾಸನಗಳಲ್ಲಿ ಕಡಲಿನ ಮಾತು

ಇಂಗ್ಲಿಷಿನ ‘ಬೈ ಅಂಡ್ ಲಾರ್ಜ್’ ಎಂಬ ನುಡಿಗಟ್ಟಿಗೆ ಈಗ ‘ಒಟ್ಟಿನ ಮೇಲೆ’ ಎಂಬುದಷ್ಟೇ ಅರ್ಥ. ಹಾಯಿಹಡಗಿನವರಿಗಾದರೋ ‘ಬೈ’ ಎಂದರೆ ಗಾಳಿಗೆ ಆದಷ್ಟೂ ಎದುರಾಗಿ, ‘ಲಾರ್ಜ್’ ಎಂದರೆ ಗಾಳಿಯನ್ನು ಹಿಂಬದಿಗೆ ಪಡೆದು ಸಾಗುವುದು. ಹಡಗು ಮರೆಯಾದರೂ ಮಾತು ಉಳಿಯಿತು. ಕಡಲ ತೀರದ್ದಲ್ಲದ ಶಿಕಾರಿಪುರ, ಸೊರಬ ಸೀಮೆಯ ಶಾಸನಗಳನ್ನು ಓದುವಾಗಲೂ ಕಡಲಿನ ಮಾತು ಎದುರಾಗುತ್ತದೆ. ಅದರಲ್ಲಿ ವಸ್ತುಸ್ಥಿತಿ ಯಾವುದು, ವರ್ಣನೆ ಯಾವುದು ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ. ಈ ಭೇದವನ್ನರಿಯದೆ ಬರೆದ ಸ್ಥಳಚರಿತ್ರೆಯು ಅಭಿಮಾನವಾದೀತೇ ಹೊರತು ಚರಿತ್ರೆಯಾಗದು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಐದನೆಯ ಶತಮಾನದ ಸಂಸ್ಕೃತ ಕಾವ್ಯ, ಕವಿ ಕುಬ್ಜ. ಪಲ್ಲವರಿಂದ ಮಯೂರಶರ್ಮನಿಗೆ ದೊರೆತ ನಾಡು ಪಶ್ಚಿಮಸಮುದ್ರದಿಂದ ಪ್ರೇಹರದವರೆಗಿನದೆಂದು ಅದು ಹೇಳುತ್ತದೆ. ಅಲೆಗಳ ನರ್ತನ ಕವಿಯದು. ಎಲ್ಲೆ ಮಾತ್ರ ಒಪ್ಪಂದದ್ದು. ಆದುದರಿಂದ ಇಲ್ಲಿಯ ಸಮುದ್ರ ಅರಬ್ಬೀ ಸಮುದ್ರವೇ. ಅರಸರ ಬಿರುದುಗಳಲ್ಲಿ ಬರುವ ‘ಚತುಸ್ಸಮುದ್ರ’ವಾದರೋ ಸಮಸ್ತ ಭೂಮಿಯೆಂಬ ಹೊಗಳಿಕೆ. ‘ದೋರಸಮುದ್ರ’ದಲ್ಲಿ ಅದೇ ಪದ ಕೆರೆಯನ್ನು ಹೇಳುತ್ತದೆ. ಶಕವರ್ಷವನ್ನು ಪದಗಳಿಂದ ಸೂಚಿಸುವೆಡೆಯಲ್ಲಿ ಅದಕ್ಕೆ ಸಾಮಾನ್ಯವಾಗಿ ನಾಲ್ಕು ಎಂಬ ಬೆಲೆ. ಇದನ್ನು ಮರೆತರೆ ಕಾಲಗಣನೆಯೇ ತಪ್ಪುವುದು.

ಬಳ್ಳಿಗಾವಿಯ ಹನ್ನೊಂದನೆಯ ಶತಮಾನದ ಶಾಸನವೊಂದು ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದವರು ನೆಲದ ಹಾದಿಯಲ್ಲಿಯೂ ನೀರಿನ ಹಾದಿಯಲ್ಲಿಯೂ ಸಂಚರಿಸಿ ಆನೆ, ಕುದುರೆ, ರತ್ನ, ಏಲಕ್ಕಿ, ಲವಂಗ, ಕರ್ಪೂರ ಮುಂತಾದವನ್ನು ಮಾರುತ್ತಿದ್ದರೆಂದು ಕೊಂಡಾಡುತ್ತದೆ. ಇದರಿಂದ ಬಳ್ಳಿಗಾವಿಯವರು ಹಡಗುಗಳನ್ನು ಹೊಂದಿದ್ದರೆಂದು ಹೇಳಬಹುದೇ? ಹೇಳಲಾಗದು. ಇಂತಹ ಪ್ರಶಸ್ತಿ ಐನೂರ್ವರ ಶಾಸನಗಳಲ್ಲಿ ಹಲವೆಡೆ ಬರುತ್ತದೆ. ‘ನೀರಿನ ಹಾದಿ’ಯೆಂದರೆ ಹೊಳೆಯೂ ಆಗಬಹುದು. ಹಾಗೆಂದು ಅದನ್ನು ಬರಿಯ ಮಾತೆಂದು ತಳ್ಳುವಂತೆಯೂ ಇಲ್ಲ. ಲವಂಗ ಅಂದು ಮಲಕ್ಕು ದ್ವೀಪಗಳಿಂದ ಬರುತ್ತಿದ್ದ ಸರಕು. ಕರ್ಪೂರಕ್ಕೆ ಹೆಸರಾದ ಸುಮಾತ್ರದ ಬರೂಸಿನಲ್ಲಿ ಐನೂರ್ವರ ಕ್ರಿ. ಶ. 1088ರ ತಮಿಳು ಶಾಸನವೇ ದೊರೆತಿದೆ. ಸಂಘ ಕಡಲು ದಾಟಿದ್ದು ದಿಟ. ದಾಟಿದವರು ಈ ಊರಿನವರೆಂಬುದಕ್ಕೆ ಮಾತ್ರ ಈ ಪ್ರಶಸ್ತಿ ಸಾಕ್ಷಿಯಲ್ಲ.

ಸೊರಬ ತಾಲ್ಲೂಕಿನ ವೀರಗಲ್ಲುಗಳತ್ತ ತಿರುಗಿದರೆ ಭಾಷೆ ನೆಲಕ್ಕಿಳಿಯುತ್ತದೆ. ಅಲ್ಲಿ ಅಳಿದವರು ತುಱುವಿಗಾಗಿ, ಊರಿಗಾಗಿ ಕಾದಿದವರು. ಅರಸನ ಬಿರುದಿನಲ್ಲಿ ನಾಲ್ಕು ಕಡಲುಗಳಿದ್ದರೂ ಸತ್ತವನ ಲೋಕ ಹಟ್ಟಿಯಿಂದ ಊರಗಡಿಯವರೆಗೆ. ಶಾಸನವನ್ನೋದುವವರು ಪ್ರಶಸ್ತಿಯ ಭಾಗವನ್ನೂ ಘಟನೆಯ ಭಾಗವನ್ನೂ ಮೊದಲು ಬೇರ್ಪಡಿಸಿ, ಬಳಿಕ ಪದದ ಅರ್ಥವನ್ನು ನಿರ್ಣಯಿಸುವುದು ಲೇಸೆಂದು ನಾವು ಭಾವಿಸುತ್ತೇವೆ.